ಒಪ್ಪದ ಉತ್ತರದ ಜಾಡು: ಮೈಸೂರು ಮಿಷನ್ ಆಸ್ಪತ್ರೆಯ ಹೆರಿಗೆ ದಾಖಲೆಗಳ ಪ್ರಕರಣ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಆ ಉದ್ದದ ಹೆಸರಿನಿಂದ ಕರೆಯುವುದು ಅಪರೂಪ. ಮಿಷನ್ ಆಸ್ಪತ್ರೆ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ತೆರೆದ ಈ ಆಸ್ಪತ್ರೆಯಲ್ಲಿ 1934ರಿಂದೀಚೆಗೆ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಟ್ಟ ಹೆರಿಗೆ ದಾಖಲೆಗಳು ಉಳಿದುಬಂದಿವೆ. ಅವುಗಳಲ್ಲಿ ತಾಯಿಯ ತೂಕವೂ ಇದೆ, ಆಕೆಯ ಸೊಂಟದ ಎಲುಬಿನ ಹೊರ ಅಳತೆಯೂ ಇದೆ. ಸಿಸೇರಿಯನ್ ಸುಲಭವಲ್ಲದ ಆ ಕಾಲದಲ್ಲಿ, ಸೊಂಟ ಇಕ್ಕಟ್ಟಾದ ಹೆಂಗಸಿಗೆ ಹೆರಿಗೆ ಕಷ್ಟವಾದೀತೆಂಬ ಅಂಜಿಕೆಯಿಂದ ತೆಗೆದ ಅಳತೆ ಅದು. ಹೆರಿಗೆ ಸುಸೂತ್ರವಾಗಿ ಆಗಿ, ತಾಯಿ ಮಗು ಮನೆಗೆ ಹೋದ ಮೇಲೆ ಆ ಕಾಗದದ ಕೆಲಸ ಮುಗಿದಂತೆ. ಹಳೆಯ ದಾಖಲೆಗಳನ್ನು ರದ್ದಿಗೆ ಹಾಕುವುದು, ಇಲ್ಲವೇ ಮಳೆಗೆ ಸೋರುವ ಕೋಣೆಯಲ್ಲಿ ಗೆದ್ದಲಿಗೆ ಬಿಡುವುದು ನಮ್ಮ ಸಂಸ್ಥೆಗಳಲ್ಲಿ ಸಾಮಾನ್ಯ. ಇಲ್ಲಿ ಅದು ಆಗಲಿಲ್ಲ. ಹಾಗೆ ಉಳಿದ ಕಾಗದಗಳಿಂದ ಹೃದ್ರೋಗ, ಮಧುಮೇಹ, ಮಕ್ಕಳ ಕಲಿಕೆ, ಹದಿಹರೆಯದವರ ಒತ್ತಡ ಮತ್ತು ಮುಪ್ಪಿನ ಜ್ಞಾಪಕಶಕ್ತಿಯವರೆಗೆ ಹಬ್ಬಿದ ಸಂಶೋಧನೆಯೊಂದು ಹೇಗೆ ಬೆಳೆಯಿತು ಎಂಬುದು ಈ ಪ್ರಕರಣದ ವಿಷಯ.

ಆರಂಭದ ಪ್ರಶ್ನೆ ಹುಟ್ಟಿದ್ದು ಮೈಸೂರಿನಲ್ಲಲ್ಲ, ಇಂಗ್ಲೆಂಡಿನಲ್ಲಿ. ಅಲ್ಲಿನ ಹರ್ಟ್‌ಫರ್ಡ್‌ಶೈರ್ ಪ್ರಾಂತ್ಯದಲ್ಲಿ 1911ರಿಂದ ಸೂಲಗಿತ್ತಿಯರು ಮತ್ತು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರು ಪ್ರತಿ ಮಗುವಿನ ಜನನ ತೂಕವನ್ನೂ ಒಂದು ವರ್ಷದ ತೂಕವನ್ನೂ ಲೆಡ್ಜರುಗಳಲ್ಲಿ ಬರೆದಿಟ್ಟಿದ್ದರು. ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಆ ಲೆಡ್ಜರುಗಳನ್ನು ಮರಣದ ದಾಖಲೆಗಳೊಂದಿಗೆ ತಾಳೆ ನೋಡಿ, 1911 ಮತ್ತು 1930ರ ನಡುವೆ ಹುಟ್ಟಿದ 5,654 ಗಂಡಸರಲ್ಲಿ, ಹುಟ್ಟುವಾಗಲೂ ಒಂದು ವರ್ಷದಲ್ಲೂ ಕಡಿಮೆ ತೂಕವಿದ್ದವರು ಹೃದಯದ ರಕ್ತನಾಳದ ಕಾಯಿಲೆಯಿಂದ ಹೆಚ್ಚಾಗಿ ಸತ್ತಿದ್ದಾರೆಂದು 1989ರಲ್ಲಿ ಪ್ರಕಟಿಸಿದರು. ಗರ್ಭದಲ್ಲಿ ಆಹಾರ ಸಾಲದಾದಾಗ ಶಿಶುವಿನ ದೇಹ ಮಿದುಳನ್ನು ಉಳಿಸಿಕೊಳ್ಳಲು ಮಿಕ್ಕ ಅಂಗಗಳ ಬೆಳವಣಿಗೆಯನ್ನು ಮೊಟಕು ಮಾಡಿಕೊಳ್ಳುತ್ತದೆ, ಆ ಹೊಂದಾಣಿಕೆಯ ಬೆಲೆಯನ್ನು ಐವತ್ತು ಅರವತ್ತರ ವಯಸ್ಸಿನಲ್ಲಿ ತೆರಬೇಕಾಗುತ್ತದೆ ಎಂಬುದು ಅವರ ವಾದ. ಸಿಗರೇಟು, ಕೊಬ್ಬು, ಸೋಮಾರಿತನ ಇವುಗಳ ಸುತ್ತಲೇ ಸುತ್ತುತ್ತಿದ್ದ ಹೃದ್ರೋಗದ ಚರ್ಚೆಯಲ್ಲಿ ಈ ಮಾತು ಅನೇಕರಿಗೆ ಒಪ್ಪಿಗೆಯಾಗಲಿಲ್ಲ. ಬಡತನದಲ್ಲಿ ಹುಟ್ಟಿದವರು ಬಡತನದಲ್ಲೇ ಬೆಳೆದಿರುತ್ತಾರೆ, ಹಾಗಾಗಿ ತಪ್ಪು ಗರ್ಭದ್ದಲ್ಲ, ಬದುಕಿನದ್ದು ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಪೂರ್ತಿ ಸತ್ತಿಲ್ಲ.

ಈ ವಾದಕ್ಕೆ ಭಾರತಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿರಲಿಲ್ಲ. ಕಡಿಮೆ ತೂಕದ ಶಿಶುಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಹುಟ್ಟುವ ದೇಶದಲ್ಲಿ, ನಲವತ್ತು ದಾಟುವ ಮೊದಲೇ ಹೃದಯಾಘಾತವಾಗುವುದೂ ಸಕ್ಕರೆ ಕಾಯಿಲೆ ಬರುವುದೂ ಹೆಚ್ಚುತ್ತಿದ್ದವು. ಆದರೆ ಪರೀಕ್ಷಿಸಲು ಬೇಕಾದದ್ದು ವಯಸ್ಸಾದವರ ಜನನ ತೂಕ. ತಮ್ಮ ಜನ್ಮದಿನಾಂಕವನ್ನೇ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೆಂದು ಹೇಳುವ ತಲೆಮಾರಿನಲ್ಲಿ ಜನನ ತೂಕವನ್ನು ಯಾರಲ್ಲಿ ಕೇಳುವುದು? ಮಿಷನ್ ಆಸ್ಪತ್ರೆಯ ದಾಖಲೆಗಳ ಬೆಲೆ ತಿಳಿದದ್ದು ಈ ಹುಡುಕಾಟದಲ್ಲಿ.

ದಾಖಲೆ ಸಿಕ್ಕಿದರೆ ಅರ್ಧ ಕೆಲಸವೂ ಆಗಿರಲಿಲ್ಲ. ಹುಟ್ಟಿದ ಮಗುವಿಗೆ ನಮ್ಮಲ್ಲಿ ಆಗಲೇ ಹೆಸರಿಡುವುದಿಲ್ಲ, ನಾಮಕರಣ ಆಮೇಲೆ. ಹಾಗಾಗಿ ಹೆರಿಗೆ ದಾಖಲೆಯ ಮಗುವನ್ನು ಗುರುತಿಸಲು ತಂದೆತಾಯಿಯ ಹೆಸರು, ತಾರೀಖು, ವಿಳಾಸ ಇವುಗಳೇ ಗತಿ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾರೆ. ಅದಕ್ಕಿಂತ ಹೆಚ್ಚಿನ ತೊಡಕು ಚೊಚ್ಚಲ ಹೆರಿಗೆಯದು: ತವರಿಗೆ ಬಂದು ಹೆತ್ತು, ಬಾಣಂತನ ಮುಗಿಸಿಕೊಂಡು ಮಗುವನ್ನೆತ್ತಿಕೊಂಡು ಗಂಡನ ಊರಿಗೆ ಹೋದವಳ ಮಗು ಮೈಸೂರಿನಲ್ಲಿ ಹುಟ್ಟಿದ್ದೇನೋ ನಿಜ, ಬೆಳೆದದ್ದು ಮಂಡ್ಯದಲ್ಲೋ ಹಾಸನದಲ್ಲೋ. ಸಂಶೋಧಕರು ಆಸ್ಪತ್ರೆಯ ಸುತ್ತಮುತ್ತಲ ಬಡಾವಣೆಗಳಲ್ಲಿ ಮನೆಮನೆ ಸಮೀಕ್ಷೆ ನಡೆಸಿ, ತಾವು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರೆಂದವರ ವಿವರವನ್ನು ದಾಖಲೆಯೊಂದಿಗೆ ಹೊಂದಿಸಿ ನೋಡಿದರು. ಹೀಗೆ 1934 ಮತ್ತು 1966ರ ನಡುವೆ ಹುಟ್ಟಿ, ಇನ್ನೂ ಅಲ್ಲೇ ಆಸುಪಾಸಿನಲ್ಲಿ ವಾಸವಾಗಿದ್ದ 3,427 ಮಂದಿಯ ಸಮೂಹವೊಂದು ಕೂಡಿಬಂತು. ಒಂದೇ ಆರಂಭಬಿಂದುವಿನಿಂದ ಕಾಲಾಂತರದಲ್ಲಿ ಹಿಂಬಾಲಿಸುವ ಇಂಥ ಗುಂಪನ್ನು, ಕಾಯಿಲೆಗಳು ಜನರಲ್ಲಿ ಹೇಗೆ ಹಬ್ಬಿವೆಯೆಂದು ನೋಡುವ ಸಾಂಕ್ರಾಮಿಕಶಾಸ್ತ್ರದಲ್ಲಿ, ಕೊಹಾರ್ಟ್ ಎನ್ನುತ್ತಾರೆ. ಈ ಸಂಖ್ಯೆಯ ಹಿಂದೆ ಎಷ್ಟು ಮನೆಗಳ ಬಾಗಿಲು ತಟ್ಟಿರಬೇಕು, ಎಷ್ಟು ಕಡೆ ನೀವು ಸಾಲ ವಸೂಲಿಯವರೋ ರೇಷನ್ ಕಾರ್ಡಿನವರೋ ಎಂದು ಕೇಳಿಸಿಕೊಂಡಿರಬೇಕು ಎಂಬುದನ್ನು ಕ್ಷೇತ್ರಕಾರ್ಯ ಮಾಡಿದ ಯಾರಾದರೂ ಊಹಿಸಬಲ್ಲರು.

ಒಪ್ಪಿದ ಉತ್ತರ, ಒಪ್ಪದ ಉತ್ತರ

ಮೊದಲ ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 1934ರಿಂದ 1954ರವರೆಗೆ ಹುಟ್ಟಿದ 517 ಗಂಡಸರು ಹೆಂಗಸರನ್ನು ಪರೀಕ್ಷಿಸಿದಾಗ 25 ಗಂಡಸರಿಗೂ 27 ಹೆಂಗಸರಿಗೂ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಐದೂವರೆ ಪೌಂಡು, ಅಂದರೆ 2.5 ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಕಾಯಿಲೆಯ ಪ್ರಮಾಣ 11% ಇದ್ದರೆ, ಏಳು ಪೌಂಡು ಮತ್ತು ಅದಕ್ಕೂ ಹೆಚ್ಚು ತೂಗಿದವರಲ್ಲಿ ಅದು 3%ಕ್ಕೆ ಇಳಿದಿತ್ತು. ಈ ಇಳಿಜಾರು ಬರೀ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಾಧ್ಯತೆ ನೂರಕ್ಕೆ ಒಂಬತ್ತರಷ್ಟಿತ್ತು, ಆದ್ದರಿಂದ ಇಡೀ ಗುಂಪಿನಲ್ಲಿ ಅದನ್ನು ದೃಢವೆಂದು ಹೇಳುವಂತಿರಲಿಲ್ಲ; 45 ವರ್ಷ ದಾಟಿದವರಲ್ಲಿ ಮಾತ್ರ ಅದು ನೂರಕ್ಕೆ ಐದಕ್ಕಿಂತ ಕಡಿಮೆಯಿರಬೇಕೆಂಬ ಸಂಖ್ಯಾಶಾಸ್ತ್ರದ ವಾಡಿಕೆಯ ಗೆರೆಯನ್ನು ದಾಟಿ ನಿಂತಿತು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅದೇ ವರದಿಯ ಇನ್ನೊಂದು ಅಂಕಿ. ಅತಿ ಹೆಚ್ಚು ಕಾಯಿಲೆ, 20%ರಷ್ಟು, ಕಂಡದ್ದು ತಾವೂ 2.5 ಕೆಜಿಗೆ ಮೀರದೆ ಹುಟ್ಟಿ, ತಾಯಿಯೂ ಗರ್ಭಿಣಿಯಾಗಿದ್ದಾಗ ನೂರು ಪೌಂಡಿಗಿಂತ, ಅಂದರೆ ಸುಮಾರು 45 ಕೆಜಿಗಿಂತ ಕಡಿಮೆ ತೂಗುತ್ತಿದ್ದವರಲ್ಲಿ. ಹರ್ಟ್‌ಫರ್ಡ್‌ಶೈರಿನ ಪ್ರಸಿದ್ಧ ಫಲಿತಾಂಶ ನಿಂತದ್ದು ಶಿಶುವಿನ ತೂಕದ ಮೇಲೆ. ಮೈಸೂರಿನ ಕಾಗದದಲ್ಲಿ ತಾಯಿಯ ದೇಹವೂ ಇತ್ತು. ಮುಂದಿನ ಇಡೀ ಸಂಶೋಧನೆ ತಿರುಗಿಕೊಂಡದ್ದು ಈ ಒಂದು ಕಾಲಂನಿಂದ.

ತಿರುವು ಸ್ಪಷ್ಟವಾದದ್ದು 1998ರಲ್ಲಿ ಅಚ್ಚಾದ ವರದಿಯಲ್ಲಿ. ಅದೇ ಸಮೂಹದ 39ರಿಂದ 60 ವರ್ಷದೊಳಗಿನ 506 ಮಂದಿಯಲ್ಲಿ ಸಕ್ಕರೆ ಕಾಯಿಲೆಯನ್ನು ಹುಡುಕಿದ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಅವರ ಸಂಗಡಿಗರಿಗೆ ನಿರೀಕ್ಷಿಸಿದ ಉತ್ತರ ಸಿಗಲಿಲ್ಲ. ಪಾಶ್ಚಾತ್ಯ ಅಧ್ಯಯನಗಳ ಪ್ರಕಾರ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮಧುಮೇಹ ಹೆಚ್ಚಾಗಬೇಕಿತ್ತು. ಮೈಸೂರಿನಲ್ಲಿ ಮಧುಮೇಹ ಹೆಚ್ಚಾಗಿದ್ದದ್ದು ಹುಟ್ಟುವಾಗ ಗಿಡ್ಡವಾಗಿದ್ದು, ಆ ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದ ಶಿಶುಗಳಲ್ಲಿ. ಅದರಲ್ಲೂ ತಾಯಂದಿರು ಸರಾಸರಿಗಿಂತ ಭಾರವಾಗಿದ್ದು, ಸೊಂಟದೆಲುಬು ಅಗಲವಾಗಿದ್ದವರ ಮಕ್ಕಳಲ್ಲಿ. ಒಂದೇ ಕಟ್ಟಿನ ಕಾಗದಗಳು ಹೃದಯದ ವಿಷಯದಲ್ಲಿ ತೆಳ್ಳಗಿನ ತಾಯಿಯನ್ನೂ ಸಕ್ಕರೆಯ ವಿಷಯದಲ್ಲಿ ದಪ್ಪಗಿನ ತಾಯಿಯನ್ನೂ ತೋರಿಸಿದವು.

ಇಂಥ ಹೊತ್ತಿನಲ್ಲಿ ಸಂಶೋಧಕರಿಗೆ ಎರಡು ಆಮಿಷಗಳಿರುತ್ತವೆ. ಮೊದಲ ಫಲಿತಾಂಶವನ್ನು ಮೆರೆಸಿ ಎರಡನೆಯದನ್ನು ಅಡಿಟಿಪ್ಪಣಿಗೆ ತಳ್ಳುವುದು ಒಂದು. ಎರಡನೆಯದನ್ನು ದತ್ತಾಂಶದ ದೋಷವೆಂದು ತಳ್ಳಿಹಾಕುವುದು ಇನ್ನೊಂದು. ಮೈಸೂರಿನ ತಂಡ ಎರಡನ್ನೂ ಮಾಡದೆ ಒಂದು ಊಹೆಯನ್ನು ಮುಂದಿಟ್ಟಿತು. ಆ ತಾಯಂದಿರಿಗೆ ಗರ್ಭಾವಸ್ಥೆಯಲ್ಲೇ ಸಕ್ಕರೆ ಏರುತ್ತಿದ್ದಿರಬಹುದು. ಏರಿದ ಸಕ್ಕರೆ ಹೊಕ್ಕುಳಬಳ್ಳಿಯ ಮೂಲಕ ಶಿಶುವಿಗೆ ಹರಿದು, ಶಿಶುವಿನ ಮೇದೋಜೀರಕ ಗ್ರಂಥಿ ಅದಕ್ಕೆ ತಕ್ಕಂತೆ ಇನ್ಸುಲಿನ್ ಸುರಿಸಿ, ಎಲುಬಿನ ಉದ್ದಕ್ಕಿಂತ ಹೆಚ್ಚಾಗಿ ಕೊಬ್ಬು ಕೂಡಿರಬಹುದು. ಆ ಮಗುವೇ ಬೆಳೆದು ಮಧುಮೇಹಿಯಾಗಿರಬಹುದು. ಊಹೆ ಚೆನ್ನಾಗಿಯೇ ಇತ್ತು. ಆದರೆ 1940ರ ಹೆರಿಗೆ ದಾಖಲೆಯಲ್ಲಿ ತಾಯಿಯ ರಕ್ತದ ಸಕ್ಕರೆ ಬರೆದಿರಲಿಲ್ಲ. ಹಳೆಯ ಕಾಗದ ಹೇಳಬಹುದಾದದ್ದು ಅಲ್ಲಿಗೆ ಮುಗಿದಿತ್ತು. ಉತ್ತರ ಬೇಕಿದ್ದರೆ ಬದುಕಿರುವ ಗರ್ಭಿಣಿಯರಿಂದ ಮತ್ತೆ ಮೊದಲಿನಿಂದ ಆರಂಭಿಸಬೇಕಿತ್ತು.

ಮತ್ತೆ ಮೊದಲಿನಿಂದ

ಹೀಗೆ, ಆ ವರದಿ ಅಚ್ಚಾಗುವ ಮೊದಲೇ, 1997ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರ ತಪಾಸಣಾ ವಿಭಾಗದಲ್ಲಿ ಆರಂಭವಾದದ್ದು ಪಾರ್ಥೆನಾನ್ ಅಧ್ಯಯನ. ಹಣಕಾಸು ನೀಡಿದ ಪಾರ್ಥೆನಾನ್ ಟ್ರಸ್ಟಿನಿಂದ ಬಂದ ಹೆಸರು ಅದು. ಗ್ರೀಕರ ದೇಗುಲಕ್ಕೂ ಮೈಸೂರಿನ ಬಸುರಿಯರಿಗೂ ಬೇರೇನೂ ಸಂಬಂಧವಿಲ್ಲ. ಜಿ. ವಿ. ಕೃಷ್ಣವೇಣಿ ಅವರ ನೇತೃತ್ವದಲ್ಲಿ ಆಸ್ಪತ್ರೆಯ ಸಾಂಕ್ರಾಮಿಕಶಾಸ್ತ್ರ ಸಂಶೋಧನಾ ಘಟಕ ಸೌತಾಂಪ್ಟನ್ನಿನ ತಂಡದೊಂದಿಗೆ ಸೇರಿ ಈ ಕೆಲಸವನ್ನು ದಶಕಗಟ್ಟಲೆ ನಡೆಸಿಕೊಂಡು ಬಂದಿದೆ. ಒಪ್ಪಿಗೆ ಕೊಟ್ಟ 830 ಗರ್ಭಿಣಿಯರಿಗೆ ಸುಮಾರು ಮೂವತ್ತನೆಯ ವಾರದಲ್ಲಿ ಗ್ಲೂಕೋಸ್ ಸಹಿಷ್ಣುತಾ ಪರೀಕ್ಷೆ ಮಾಡಬೇಕಿತ್ತು. ಬರೆಯಲು ಒಂದು ಸಾಲಿನ ಮಾತು. ಮಾಡಿಸಿಕೊಳ್ಳುವವಳಿಗೆ ಒಂದು ಬೆಳಗಿನ ಪಾಡು. ಏಳು ತಿಂಗಳ ಬಸುರಿ ರಾತ್ರಿಯಿಂದ ಏನೂ ತಿನ್ನದೆ ಬಂದು, ಬರಿಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, 100 ಗ್ರಾಂ ಗ್ಲೂಕೋಸ್ ಕಲಕಿದ, ಓಕರಿಕೆ ತರಿಸುವಷ್ಟು ಸಿಹಿಯಾದ ನೀರನ್ನು ಕುಡಿದು, ಅದನ್ನು ಹೊಟ್ಟೆಯಲ್ಲಿ ಉಳಿಸಿಕೊಂಡು, ಮೂರು ಗಂಟೆ ಕಾದು, ಗಂಟೆಗೊಮ್ಮೆ ಮತ್ತೆ ತೋಳು ಚಾಚಬೇಕು. ಜೊತೆಗೆ ಬಂದ ಅತ್ತೆಗೋ ಅಮ್ಮನಿಗೋ ಇದೆಲ್ಲ ಯಾಕೆಂದು ಬಿಡಿಸಿ ಹೇಳಬೇಕು. ಪರೀಕ್ಷೆ ಪೂರೈಸಿದ 785 ಮಂದಿಯಲ್ಲಿ 6.2% ಹೆಂಗಸರಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು.

ಆಸ್ಪತ್ರೆಯಲ್ಲೇ ಹುಟ್ಟಿ ವಿವರವಾಗಿ ಅಳೆಯಲ್ಪಟ್ಟ ಶಿಶುಗಳು 663. ಅಳತೆಯೆಂದರೆ ತೂಕವೊಂದೇ ಅಲ್ಲ. ತೋಳಿನ ಹಿಂಭಾಗದ ಮತ್ತು ಹೆಗಲೆಲುಬಿನ ಕೆಳಗಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಕ್ಯಾಲಿಪರಿನಿಂದ ಅದರ ದಪ್ಪವನ್ನು ಮಿಲಿಮೀಟರುಗಳಲ್ಲಿ ಗುರುತು ಮಾಡುವುದು. ಇಂಗ್ಲೆಂಡಿನ ಶಿಶುಗಳಿಗೆ ಹೋಲಿಸಿದರೆ ಮೈಸೂರಿನ ಕೂಸುಗಳು ತೂಕದಲ್ಲಿ, ಉದ್ದದಲ್ಲಿ, ಕೈಕಾಲಿನ ಮಾಂಸಖಂಡದಲ್ಲಿ ಚಿಕ್ಕವು. ಬೆನ್ನಿನ ಆ ಮಡಿಕೆಯ ಕೊಬ್ಬಿನಲ್ಲಿ ಮಾತ್ರ ಕೊರತೆ ಕಾಣುವುದಿಲ್ಲ. ಪುಣೆಯಲ್ಲಿ ಚಿತ್ತರಂಜನ ಯಾಜ್ಞಿಕ್ ಅವರ ತಂಡವೂ ಇದನ್ನೇ ಕಂಡಿತ್ತು. ನೋಡಲು ಬಡಕಲಾದ ಕೂಸು ಒಳಗೆ ಕೊಬ್ಬನ್ನು ಉಳಿಸಿಕೊಂಡೇ ಹುಟ್ಟುತ್ತದೆ ಎನ್ನುವುದು, ತೂಕ ಎತ್ತರಗಳನ್ನೇ ನಂಬಿರುವ ನಮ್ಮ ಅಂಗನವಾಡಿ ಲೆಕ್ಕಾಚಾರಕ್ಕೆ ಇನ್ನೂ ಸರಿಯಾಗಿ ಇಳಿದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಧುಮೇಹವಿದ್ದ ತಾಯಂದಿರ ಮಕ್ಕಳ ಕಥೆ ನೇರವಾಗಿ ಸಾಗಲಿಲ್ಲ. ಹುಟ್ಟುವಾಗ ಅವರು ಎಲ್ಲ ಅಳತೆಗಳಲ್ಲೂ ಮಿಕ್ಕವರಿಗಿಂತ ದೊಡ್ಡವರಾಗಿದ್ದರು. ಒಂದು ವರ್ಷ ತುಂಬುವ ಹೊತ್ತಿಗೆ ಆ ವ್ಯತ್ಯಾಸ ಬಹುಮಟ್ಟಿಗೆ ಕರಗಿಹೋಗಿತ್ತು. ಅಧ್ಯಯನ ಅಲ್ಲಿಗೆ ನಿಂತಿದ್ದರೆ, ಗರ್ಭದ ಸಕ್ಕರೆಯ ಪ್ರಭಾವ ತಾತ್ಕಾಲಿಕವೆಂದು ಬರೆದು ಮುಗಿಸಬಹುದಿತ್ತು, ಮತ್ತು ಅದು ತಪ್ಪಾಗುತ್ತಿತ್ತು. ಐದನೆಯ ವಯಸ್ಸಿನಲ್ಲಿ ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬೂ, ಸಕ್ಕರೆಯನ್ನು ಹತೋಟಿಗೆ ತರಲು ದೇಹ ಹೆಣಗುತ್ತಿರುವುದರ ಗುರುತಾದ, ಗ್ಲೂಕೋಸ್ ಕುಡಿದ ಮೇಲಿನ ಇನ್ಸುಲಿನ್ನೂ ಮತ್ತೆ ಹೆಚ್ಚಾಗಿ ಕಂಡವು. ಗಂಡುಮಕ್ಕಳಲ್ಲಿ ಆಗ ಇನ್ನೂ ಕಂಡಿರಲಿಲ್ಲ. ಒಂಬತ್ತೂವರೆ ವರ್ಷದ ಹೊತ್ತಿಗೆ ಗಂಡುಮಕ್ಕಳಲ್ಲೂ ಇನ್ಸುಲಿನ್ ಏರಿತ್ತು. ದೀರ್ಘಕಾಲದ ಅಧ್ಯಯನ ಯಾಕೆ ಬೇಕೆಂದು ಕೇಳುವವರಿಗೆ ಈ ಒಂದನೆಯ ವರ್ಷದ ಮೌನವನ್ನು ತೋರಿಸಿದರೆ ಸಾಕು.

ತಾಯಂದಿರ ಕಡೆಗೂ ನೋಡಬೇಕು. ಹೆರಿಗೆಯಾಗಿ ಐದು ವರ್ಷದ ನಂತರ ಪರೀಕ್ಷಿಸಿದಾಗ, ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದವರಲ್ಲಿ 37% ಮಂದಿ ಆಗಲೇ ಪೂರ್ಣ ಮಧುಮೇಹಿಗಳಾಗಿದ್ದರು. ಇಲ್ಲದಿದ್ದವರಲ್ಲಿ ಆ ಪ್ರಮಾಣ 2%. ಬಹುಪಾಲು ಹೆಂಗಸರು ಇನ್ನೂ ಮೂವತ್ತರ ಆಸುಪಾಸಿನವರು ಎಂಬುದನ್ನು ನೆನೆದರೆ, ಈ ಇಡೀ ಪ್ರಕರಣದಲ್ಲಿ ತಕ್ಷಣದ ಉಪಯೋಗಕ್ಕೆ ಬರುವ ಅಂಕಿ ಇದೇ ಎಂದು ಅನ್ನಿಸುತ್ತದೆ.

ದೇಹದಿಂದ ಮನಸ್ಸಿಗೆ

ಈವರೆಗಿನದೆಲ್ಲ ತೂಕ, ಕೊಬ್ಬು, ಸಕ್ಕರೆ. ಗರ್ಭದಲ್ಲಿ ಉಂಟಾದ ಕೊರತೆ ಮತ್ತು ಅತಿರೇಕ ಹೃದಯ ಮತ್ತು ಮೇದೋಜೀರಕವನ್ನು ತಿದ್ದುವುದಾದರೆ ಮಿದುಳನ್ನು ಬಿಡುತ್ತವೆಯೇ ಎಂಬ ಪ್ರಶ್ನೆ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ತಾನಾಗಿಯೇ ಎದ್ದಿತು. ಒಂಬತ್ತು ಹತ್ತರ ವಯಸ್ಸಿನಲ್ಲಿ ಕಲಿಕೆ, ನೆನಪು, ತರ್ಕ, ಮಾತು ಮತ್ತು ಗಮನದ ಪರೀಕ್ಷೆಗಳನ್ನು ಕೊಡಲಾಯಿತು. ಗರ್ಭಿಣಿಯರ ಶೇಖರಿಸಿಟ್ಟ ರಕ್ತದ ಮಾದರಿಗಳಲ್ಲಿ 43% ಮಂದಿಗೆ ಬಿ12 ಜೀವಸತ್ವದ ಕೊರತೆಯಿತ್ತು, ಫೋಲೇಟ್ ಕೊರತೆ ಮಾತ್ರ 4% ಮಂದಿಗೆ. ಹಾಲು ಮಾಂಸ ಮಿತವಾಗಿ, ಸೊಪ್ಪು ಬೇಳೆ ಧಾರಾಳವಾಗಿ ಸಿಗುವ ಅಡುಗೆಮನೆಯಲ್ಲಿ ಇದು ತೀರಾ ಅನಿರೀಕ್ಷಿತವೇನಲ್ಲ. ಸೊಪ್ಪು ಬೆಂದ ನೀರಿಗೆ ಇಳಿದ ಫೋಲೇಟ್ ಬಸ್ಸಾರಿನ ರೂಪದಲ್ಲಿ ಊಟಕ್ಕೇ ಬರುತ್ತದೆಂಬುದನ್ನೂ ಮರೆಯಬಾರದು. 536 ಮಕ್ಕಳಲ್ಲಿ ತಾಯಿಯ ಫೋಲೇಟ್ ಹೆಚ್ಚಿದ್ದಷ್ಟೂ ಪರೀಕ್ಷೆಯ ಅಂಕಗಳು ಉತ್ತಮವಾಗಿದ್ದವು. ಅಷ್ಟೊಂದು ಕೊರತೆಯಿದ್ದ ಬಿ12ಗೂ ಅಂಕಗಳಿಗೂ ಅಂಥ ಸಂಬಂಧ ಕಾಣಲಿಲ್ಲ. ಇದರಿಂದ ಬಿ12 ಬೇಡವೆಂದು ಯಾರೂ ತೀರ್ಮಾನಿಸಬಾರದು, ಏಕೆಂದರೆ ಅದರ ಕೊರತೆಯಿದ್ದ ತಾಯಂದಿರಲ್ಲಿ ಬೊಜ್ಜೂ ಗರ್ಭಾವಸ್ಥೆಯ ಮಧುಮೇಹವೂ ಹೆಚ್ಚಾಗಿದ್ದವೆಂದು ಇದೇ ಅಧ್ಯಯನ ತೋರಿಸಿದೆ.

ಇಲ್ಲಿಯೂ ಒಪ್ಪದ ಉತ್ತರವೊಂದು ಎದುರಾಯಿತು. ಮಧುಮೇಹವಿದ್ದ ತಾಯಂದಿರ ಮಕ್ಕಳು ಕಲಿಕೆಯಲ್ಲಿ ಹಿಂದೆ ಬೀಳುತ್ತಾರೆಂದು ಎಣಿಸಿದ್ದರೆ, 515 ಮಕ್ಕಳಲ್ಲಿ ಅಂಥ 32 ಮಕ್ಕಳು ಹಲವು ಪರೀಕ್ಷೆಗಳಲ್ಲಿ ಮಿಕ್ಕವರಿಗಿಂತ ಮುಂದಿದ್ದರು. ತಂದೆತಾಯಿಯ ವಿದ್ಯಾಭ್ಯಾಸ, ಮನೆಯ ಸ್ಥಿತಿಗತಿ, ಊರೋ ಹಳ್ಳಿಯೋ ಎಂಬುದನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೆ ಬಹುತೇಕ ವ್ಯತ್ಯಾಸಗಳು ಅಳಿಸಿಹೋಗಿ, ಕಲಿತದ್ದನ್ನು ನೆನಪಿನಲ್ಲಿಟ್ಟು ಮತ್ತೆ ಹೇಳುವ ಪರೀಕ್ಷೆಯಲ್ಲಿ ಮಾತ್ರ ಉಳಿಯಿತು. ಮಧುಮೇಹ ಆಗ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದ್ದದ್ದು ಅನುಕೂಲಸ್ಥ, ಓದಿದ ಮನೆಗಳಲ್ಲಿ. ಹಾಗಾಗಿ ನಾವು ಅಳೆಯುತ್ತಿರುವುದು ಸಕ್ಕರೆಯ ಪ್ರಭಾವವನ್ನೋ ಮನೆಯಲ್ಲಿದ್ದ ಪುಸ್ತಕದ ಪ್ರಭಾವವನ್ನೋ ಎಂಬ ಗೊಂದಲ ಪೂರ್ತಿ ಬಗೆಹರಿಯುವುದಿಲ್ಲ. 32 ಮಕ್ಕಳ ಮೇಲೆ ಸಿದ್ಧಾಂತ ಕಟ್ಟಬಾರದು ಎಂಬುದಷ್ಟೇ ನನ್ನ ನಿಲುವು.

ಹದಿಮೂರು ದಾಟಿದ ಮೇಲಿನ ಪರೀಕ್ಷೆ ಹೆಚ್ಚು ಕುತೂಹಲಕರ. ಜರ್ಮನಿಯ ಟ್ರಿಯರ್ ನಗರದ ಹೆಸರಿನಲ್ಲಿರುವ ಸಾಮಾಜಿಕ ಒತ್ತಡದ ಪರೀಕ್ಷೆಯನ್ನು ಮೈಸೂರಿನ ಹುಡುಗ ಹುಡುಗಿಯರಿಗೆ ಒಗ್ಗಿಸಿ ಬಳಸಲಾಯಿತು. ಪರಿಚಯವಿಲ್ಲದ ಇಬ್ಬರು ಪರೀಕ್ಷಕರ ಮುಂದೆ ಐದು ನಿಮಿಷ ನಿಂತು ಮಾತಾಡಬೇಕು, ಆಮೇಲೆ ಐದು ನಿಮಿಷ ಬಾಯಿಲೆಕ್ಕ ಮಾಡಬೇಕು. ಪರೀಕ್ಷೆಗೆ ಮುಂಚೆಯೂ ನಂತರವೂ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆಯಲು ಜೊಲ್ಲಿನ ಮಾದರಿ ತೆಗೆಯುತ್ತಾರೆ, ನಡುನಡುವೆ ರಕ್ತದೊತ್ತಡ ಮತ್ತು ಹೃದಯದ ಬಡಿತವನ್ನು ಯಂತ್ರ ದಾಖಲಿಸುತ್ತಿರುತ್ತದೆ. ತರಗತಿಯಲ್ಲಿ ಎದ್ದು ನಿಂತು ಮಗ್ಗಿ ಒಪ್ಪಿಸಿ ತಡವರಿಸಿದ ಯಾರಿಗಾದರೂ ಈ ಪರೀಕ್ಷೆಯ ತಿರುಳು ತಿಳಿಯುತ್ತದೆ. ಮಧುಮೇಹವಿದ್ದ ತಾಯಂದಿರ 26 ಮಕ್ಕಳು, ತಂದೆಗೆ ಮಾತ್ರ ಮಧುಮೇಹವಿದ್ದ 22 ಮಕ್ಕಳು ಮತ್ತು ಇಬ್ಬರಿಗೂ ಇಲ್ಲದ 165 ಮಕ್ಕಳನ್ನು ಹೋಲಿಸಿದಾಗ, ಒತ್ತಡಕ್ಕೆ ರಕ್ತದೊತ್ತಡವೂ ಹೃದಯ ಪಂಪು ಮಾಡುವ ರಕ್ತದ ಪ್ರಮಾಣವೂ ಹೆಚ್ಚು ಜಿಗಿದದ್ದು ಮೊದಲ ಗುಂಪಿನಲ್ಲಿ. ತಂದೆಯ ಗುಂಪನ್ನು ಸೇರಿಸಿದ್ದು ಈ ವಿನ್ಯಾಸದ ಜಾಣತನ. ಬರಿಯ ಆನುವಂಶಿಕತೆಯೇ ಕಾರಣವಾಗಿದ್ದರೆ ತಂದೆಯ ಕಡೆಯಿಂದ ಬಂದ ಮಕ್ಕಳೂ ಹಾಗೆಯೇ ಪ್ರತಿಕ್ರಿಯಿಸಬೇಕಿತ್ತು. ಅವರು ಹಾಗೆ ಪ್ರತಿಕ್ರಿಯಿಸಲಿಲ್ಲ. ಗರ್ಭದ ಪರಿಸರದ ಕಡೆಗೆ ಬೆರಳು ತೋರಿಸುವ ಸಾಕ್ಷ್ಯ ಇದು, ಸಂಖ್ಯೆ ಚಿಕ್ಕದಾದರೂ. ಮನಸ್ಸಿಗೆ ತಗಲುವ ಒತ್ತಡ ರಕ್ತನಾಳದ ಗೋಡೆಯನ್ನು ಮುಟ್ಟುವ ದಾರಿಯೊಂದು ಇಲ್ಲಿ ಹದಿಮೂರರ ವಯಸ್ಸಿನಲ್ಲೇ ಕಂಡಿತು.

ಹಳೆಯ ಸಮೂಹ ಈ ನಡುವೆ ಮುದಿಯಾಗುತ್ತಿತ್ತು. 1934ರಿಂದ 1966ರವರೆಗೆ ಹುಟ್ಟಿದವರಲ್ಲಿ 55ರಿಂದ 80 ವರ್ಷದ 721 ಮಂದಿಯನ್ನು ಮನೋವೈದ್ಯ ಮುರಳಿ ಕೃಷ್ಣ ಅವರ ನೇತೃತ್ವದಲ್ಲಿ 2013ರ ನಂತರ ಮತ್ತೆ ಕರೆದು, ಈ ಬಾರಿ ನೆನಪು, ಯೋಚನೆ ಮತ್ತು ಖಿನ್ನತೆಯನ್ನು ಪರೀಕ್ಷಿಸಲಾಯಿತು. ಬಳಸಿದ್ದು 10/66 ಎಂಬ ಹೆಸರಿನ ಪರೀಕ್ಷಾಮಾಲೆ. ಮರೆವಿನ ಕಾಯಿಲೆಯ ಜನರಲ್ಲಿ 66% ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿದ್ದರೂ ಸಂಶೋಧನೆಯ 10% ಕೂಡ ಅಲ್ಲಿ ನಡೆಯುವುದಿಲ್ಲ ಎಂಬ ಕೊರಗಿನಿಂದಲೇ ಆ ಹೆಸರು ಹುಟ್ಟಿದ್ದು. ಅದರಲ್ಲಿ ಹತ್ತು ಪದಗಳ ಪಟ್ಟಿಯನ್ನು ಕೇಳಿಸಿ ಮತ್ತೆ ಹೇಳಿಸುತ್ತಾರೆ. ಒಂದು ನಿಮಿಷದಲ್ಲಿ ಗೊತ್ತಿರುವಷ್ಟು ಪ್ರಾಣಿಗಳ ಹೆಸರು ಹೇಳಿ ಎನ್ನುತ್ತಾರೆ. ಹಸು, ಎಮ್ಮೆ, ಮೇಕೆ, ನಾಯಿ ಎಂದು ಸರಸರನೆ ಸಾಗಿ ಆಮೇಲೆ ತಡೆಯುವ ಮಾತನ್ನು ಎಣಿಸುವ ಈ ವಿಧಾನಕ್ಕೆ ಓದುಬರಹ ಬೇಡ. ಅಕ್ಷರ ಬಾರದವರನ್ನು ಅಕ್ಷರದಿಂದ ಅಳೆದು ಮರೆಗುಳಿಗಳೆಂದು ಬರೆದುಬಿಡುವ ತಪ್ಪನ್ನು ತಪ್ಪಿಸಲು ಮಾಡಿದ ಏರ್ಪಾಡು ಅದು.

ಹುಟ್ಟುವಾಗ ಹೆಚ್ಚು ತೂಗಿದವರ ಅಂಕಗಳು ಮುಪ್ಪಿನಲ್ಲೂ ಸ್ವಲ್ಪ ಮೇಲಿದ್ದವು. ಅರವತ್ತು ಎಪ್ಪತ್ತು ವರ್ಷ ಹಿಂದೆ ಪೌಂಡುಗಳಲ್ಲಿ ಬರೆದ ಒಂದು ಅಂಕಿ ಈಗಿನ ಜ್ಞಾಪಕಶಕ್ತಿಯೊಂದಿಗೆ ತಾಳೆಯಾಗುವುದು ಸೋಜಿಗವೇ. ಆದರೆ ಆ ಬೆರಗಿನಲ್ಲಿ ಮಿಕ್ಕದ್ದನ್ನು ಬಿಡಬಾರದು. ತಾಯಿಯ ಓದು, ಸ್ವಂತ ಓದು, ಕಾಲಿನ ಉದ್ದ, ಆರ್ಥಿಕ ಸ್ಥಿತಿ ಇವೆಲ್ಲವೂ ಉತ್ತಮ ಅಂಕಗಳೊಂದಿಗೆ ಸೇರಿಕೊಂಡಿದ್ದವು. ನಡುವಯಸ್ಸಿನ ಮಧುಮೇಹ, ಪಾರ್ಶ್ವವಾಯು ಮತ್ತು ಈಗಿನ ಖಿನ್ನತೆ ಕಡಿಮೆ ಅಂಕಗಳೊಂದಿಗೆ. ಕಾಲಿನ ಉದ್ದ ಇಲ್ಲಿ ಬಂದದ್ದು ವಿನೋದಕ್ಕಲ್ಲ: ಬಾಲ್ಯದ ಮೊದಲ ವರ್ಷಗಳಲ್ಲಿ ಹೊಟ್ಟೆತುಂಬ ಊಟ ಸಿಕ್ಕಿತೇ ಎಂಬುದು ಕಾಲಿನ ಎಲುಬಿನಲ್ಲಿ ಉಳಿಯುತ್ತದೆ. ಈ ಎಲ್ಲವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡಾಗ ಜನನ ತೂಕದ ಪಾತ್ರ ತೆಳುವಾಯಿತು. ಅಂದರೆ ಗರ್ಭದಲ್ಲಿ ಬಿದ್ದ ಕೊರತೆಯನ್ನು ಹಣೆಬರಹವೆಂದು ಓದುವುದಕ್ಕೆ ಮೈಸೂರಿನ ದತ್ತಾಂಶ ಅವಕಾಶ ಕೊಡುವುದಿಲ್ಲ. ಶಾಲೆ, ಊಟ, ನಡುವಯಸ್ಸಿನ ಸಕ್ಕರೆ, ಮನಸ್ಸಿನ ನೋವು ಎಲ್ಲವೂ ಅದರ ಮೇಲೆ ಒಂದೊಂದು ಪದರವಾಗಿ ಕೂಡುತ್ತವೆ.

ಮಿತಿಗಳು, ಮತ್ತು ಒಂದೂವರೆ ತಿಂಗಳ ಲಸಿಕೆ

ಈ ಅಧ್ಯಯನಗಳನ್ನು ಓದುವಾಗ ಮರೆಯಬಾರದ ಸಂಗತಿಗಳಿವೆ. 1934ರಲ್ಲಿ ಹೆಚ್ಚಿನ ಮಕ್ಕಳು ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟುತ್ತಿದ್ದರು. ಆಸ್ಪತ್ರೆಗೆ ಬಂದವರು ಪಟ್ಟಣವಾಸಿಗಳು, ಅನುಕೂಲಸ್ಥರು, ಇಲ್ಲವೇ ಹೆರಿಗೆ ಕಷ್ಟವಾಗಬಹುದೆಂದು ಹೆದರಿದವರು. ಅತಿ ಚಿಕ್ಕದಾಗಿ ಹುಟ್ಟಿದ ಎಷ್ಟೋ ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಂಡಿರುತ್ತವೆ, ಅರವತ್ತರವರೆಗೆ ಉಳಿದವರು ಗಟ್ಟಿ ಜೀವದವರು. ಮೈಸೂರನ್ನು ಬಿಟ್ಟು ಬೆಂಗಳೂರಿಗೋ ಮುಂಬಯಿಗೋ ಹೋದವರು ಲೆಕ್ಕದಲ್ಲೇ ಇಲ್ಲ. ಪಾರ್ಥೆನಾನ್ ಮಕ್ಕಳಲ್ಲಿ ಹತ್ತರಲ್ಲಿ ಎಂಟು ಮಂದಿ ಒಂಬತ್ತು ಹತ್ತರ ವಯಸ್ಸಿನ ಕಲಿಕೆಯ ಪರೀಕ್ಷೆಗೂ ಬಂದರೆಂಬುದು ನಮ್ಮ ದೇಶದಲ್ಲಿ ದೊಡ್ಡ ಮಾತು, ಆದರೂ ಮಧುಮೇಹವಿದ್ದ ತಾಯಂದಿರ ಮಕ್ಕಳ ಸಂಖ್ಯೆ ಯಾವ ಹಂತದಲ್ಲೂ ಕೆಲವು ಹತ್ತುಗಳನ್ನು ದಾಟಲಿಲ್ಲ. ಇಂಥ ಅವಲೋಕನದ ಅಧ್ಯಯನ ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ.

ಹಾಗಿದ್ದರೂ 37% ಎಂಬ ಅಂಕಿಗೆ ಈ ಅನುಮಾನಗಳು ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಅಲ್ಲಿ ಕಾರಣದ ಪ್ರಶ್ನೆಯೇ ಇಲ್ಲ. ಯಾರನ್ನು ಮುಂದೆಯೂ ಗಮನಿಸಬೇಕು ಎಂಬ ಪ್ರಶ್ನೆ ಮಾತ್ರ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಪ್ರತಿ ಗರ್ಭಿಣಿಗೂ, ಊಟವಾಗಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತದ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಮುಟ್ಟಿದೆಯೇ ಎಂದು ನೋಡಲು ಹೇಳುತ್ತದೆ. ಪಾರ್ಥೆನಾನ್ ಬಸುರಿಯರ ನಾಲ್ಕು ಚುಚ್ಚಿಗೆ ಹೋಲಿಸಿದರೆ ಇದು ಹಗುರ. ಮಧುಮೇಹ ಪತ್ತೆಯಾದವಳಿಗೆ ಹೆರಿಗೆಯಾದ ಆರು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ ಮಾಡಬೇಕೆಂದೂ ಅದರಲ್ಲಿದೆ. ತೊಡಕಿರುವುದು ಆ ಆರನೆಯ ವಾರದಲ್ಲಿ. ಹೆರಿಗೆಯಾದದ್ದು ಒಂದು ಆಸ್ಪತ್ರೆ, ಬಾಣಂತನ ತವರಿನಲ್ಲಿ, ಫೈಲು ಗಂಡನ ಊರಿನ ಡಾಕ್ಟರ ಬಳಿ. ಸಕ್ಕರೆ ಹೆರಿಗೆಯೊಂದಿಗೆ ಇಳಿದಿರುತ್ತದೆ, ಬಾಣಂತಿಗೆ ಮೈಗೆ ಹುಷಾರಿದೆ ಎನಿಸುತ್ತದೆ, ಅಂಟಿನುಂಡೆಯ ಮುಂದೆ ಪಥ್ಯದ ಮಾತು ಎತ್ತುವವರಿಲ್ಲ. ಕೂಸಿನ ಒಂದೂವರೆ ತಿಂಗಳ ಲಸಿಕೆಯನ್ನು ಮಾತ್ರ ಮನೆಯವರು ತಪ್ಪಿಸುವುದು ಕಡಿಮೆ. ಆಶಾ ಕಾರ್ಯಕರ್ತೆ ಹಿಂದಿನ ದಿನವೇ ಮನೆಗೆ ಬಂದು ಹೇಳಿಹೋಗಿರುತ್ತಾಳೆ. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಹೇಗೂ ಅಲ್ಲೇ ಕೂತಿರಬೇಕು. ಆ ಬೆಳಿಗ್ಗೆ, ಬಸುರಿಯಲ್ಲಿ ಸಕ್ಕರೆ ಇತ್ತೆಂದು ತಾಯಿ ಕಾರ್ಡಿನಲ್ಲಿ ಬರೆದಿರುವ ಬಾಣಂತಿಗೆ ಬಂದ ಕೂಡಲೇ ಒಂದು ಲೋಟ ಗ್ಲೂಕೋಸ್ ನೀರು ಕೊಟ್ಟು, ಇನ್ನೊಂದೂವರೆ ಗಂಟೆ ಹೆಚ್ಚಿಗೆ ಕೂರಿಸಿಕೊಳ್ಳಲು ಬೇಕಾದದ್ದು ಒಂದು ಬೆಂಚು ಮತ್ತು ಕೂಸನ್ನು ಎತ್ತಿಕೊಳ್ಳಲು ಜೊತೆಗೆ ಬಂದ ಅಜ್ಜಿ.